ಹಾಮ್‌ನಲ್ಲಿ ಎರಡಾದ ರೈಲು ಮತ್ತು ತಮ್ಮ ಕೈಪಿಡಿ

ಪ್ರಯಾಣ ವಿಭಾಗದ ಮುಖ್ಯಸ್ಥರಾದ ಆನ್ಸ್‌ಗರ್ ಥ್ಯೋಲ್ಕೆ ಅವರ ಸನ್ನಿಧಿಗೆ

ಮಾನ್ಯರೇ,

ತಮ್ಮ ಮೇಜಿನ ಕಾಫಿ ಎಂದೂ ಆರದಿರಲಿ ಎಂದು ಹಾರೈಸುತ್ತಾ, ಬೇಕರಿ ಒಲೆಗಳಿಗೆ ಬಾಗಿಲು ಮಾಡುವ ಹ್ಯಾನೋವರಿನ ನಮ್ಮ ಕಾರ್ಖಾನೆಯ ಮಾರಾಟಗಾರ್ತಿಯಾದ ನಾನು ಈ ಪತ್ರವನ್ನು ಎಲ್ಲರೂ ಓದಲೆಂದು ಕ್ಯಾಂಟೀನಿನ ಹಲಗೆಗೆ ಅಂಟಿಸುತ್ತಿದ್ದೇನೆ.

ಕಳೆದ ಮಂಗಳವಾರ ಹನ್ನೊಂದು ಗಂಟೆಗೆ ವುಪ್ಪರ್‌ಟಾಲಿನ ಬೇಕರಿಯ ಒಡತಿ ಗೆಸೀನೆ ಓವರ್‌ಲಾಕ್ ಅವರನ್ನು ಕಾಣಬೇಕಿತ್ತು. ಒಲೆಬಾಗಿಲುಗಳ ಆರ್ಡರಿಗೆ ಅವರ ಸಹಿ ಸಿಗದಿದ್ದರೆ ನಮ್ಮ ಎರಡನೇ ಪಾಳಿಯ ಹನ್ನೆರಡು ಜನಕ್ಕೆ ಸೋಮವಾರದಿಂದ ಕೆಲಸವಿರುತ್ತಿರಲಿಲ್ಲ. ಅವರಾದರೋ ಮೊದಲೇ ಎಚ್ಚರಿಸಿದ್ದರು: "ಹನ್ನೊಂದು ಅಂದ್ರೆ ಹನ್ನೊಂದು. ತಡವಾಗಿ ಬರೋರು ಮಾಡಿದ ಬಾಗಿಲು ಸರಿಯಾಗಿ ಮುಚ್ಚುತ್ತೆ ಅಂತ ಹೇಗಮ್ಮಾ ನಂಬೋದು?"

ರೈಲಿನ ಕೊನೆಯಲ್ಲಿರುವ ಮೌನದ ಡಬ್ಬಿಯಲ್ಲೇ ಕುಳಿತುಕೊಳ್ಳಿ, ಫೋನಿನಲ್ಲಿ ವ್ಯವಹರಿಸಲು ಅಷ್ಟು ನಿಶ್ಶಬ್ದವಾದ ಜಾಗ ಬೇರಿಲ್ಲ ಎಂದು ತಮ್ಮ "ಸುಖ ಪ್ರಯಾಣ, ಸದಾ ಸಂಪರ್ಕ" ಕೈಪಿಡಿ ಉಪದೇಶಿಸುತ್ತದೆ. ನಿಶ್ಶಬ್ದವೇನೋ ನಿಜ, ಅಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ, ಅದಕ್ಕೇ. ಆ ರೈಲು ಹಾಮ್ ನಿಲ್ದಾಣದಲ್ಲಿ ಎರಡು ತುಂಡಾಗಿ, ತಲೆ ವುಪ್ಪರ್‌ಟಾಲಿಗೂ ಬಾಲ ಡಾರ್ಟ್‌ಮುಂಡಿಗೂ ಹೋಗುತ್ತದೆಂದು ಆ ದಾರಿಯ ಹಸುಗೂಸಿಗೂ ಗೊತ್ತು. ತಮ್ಮ ಕೈಪಿಡಿಗೆ ಗೊತ್ತಿರಲಿಲ್ಲ, ಅದನ್ನು ನಂಬಿ ಡಬ್ಬಿಯ ಮೇಲಿನ ಊರಿನ ಹೆಸರನ್ನೂ ಓದದ ನನಗೂ.

ಬಾಲದೊಂದಿಗೆ ಹೊರಟಿದ್ದೇನೆಂದು ತಿಳಿದಾಗ, ಬಾಗಿಲ ಬಳಿ ಸಂಪರ್ಕ ಸಿಗದೆ, ಕೂತಲ್ಲಿಂದಲೇ ಬೇಕರಿಗೆ ಫೋನು ಮಾಡಿ ಪಿಸುಗುಟ್ಟಿದೆ. "ಯಾರಮ್ಮಾ ಅದು? ಗಂಟಲು ಕಟ್ಟಿದ್ಯಾ?" ಎಂದರು ಒಡತಿ. ಎದುರಿಗೆ ಕಾಲುಚೀಲ ಹೆಣೆಯುತ್ತಿದ್ದ ಅಜ್ಜಿ, "ಶ್! ಗೋಡೆ ಮೇಲೆ ಬಾಯಿಗೆ ಬೆರಳಿಟ್ಟಿರೋ ಚಿತ್ರ ಅಲಂಕಾರಕ್ಕಾ?" ಎಂದರು. ನಾನು ನನ್ನ ಸಂಕಟವನ್ನೆಲ್ಲ ತಮ್ಮ ಕೈಪಿಡಿಯ ಅಂಚಿನಲ್ಲಿ ಬರೆದು ತೋರಿಸಿದೆ. ಓದಿದ ಅಜ್ಜಿ ಸೂಜಿಗಳನ್ನು ಕೆಳಗಿಟ್ಟು, ಫೋನು ಕಿತ್ತುಕೊಂಡು, ಡಬ್ಬಿಯೇ ಅದುರುವಂತೆ ಕೂಗಿದರು: "ನೋಡಮ್ಮಾ, ರೈಲು ಎರಡಾಗೋಯ್ತು! ಈ ಹುಡುಗಿ ಬಾಲದಲ್ಲಿ ಸಿಕ್ಕಾಕೊಂಡಿದ್ದಾಳೆ! ಹನ್ನೆರಡರ ತನಕ ಕೂತಿರು, ಹನ್ನೆರಡು ಜನದ ಅನ್ನದ ಮಾತು!" ಹಿಂದಿನಿಂದ ಯಾರೋ "ಶ್" ಎಂದರೆ, "ನೀ ಸುಮ್ನಿರಯ್ಯಾ, ಇದು ಮೌನದ ಡಬ್ಬಿ!" ಎಂದು ಗದರಿದರು.

ಒಡತಿ ಕಾದರು. ನಾನು ಡಾರ್ಟ್‌ಮುಂಡಿನಲ್ಲಿ ಇಳಿದು, ಬೇರೆ ರೈಲು ಹಿಡಿದು ಬೇಕರಿ ತಲುಪಿದೆ. ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ಸಹಿ ಹಾಕಿ, "ಬಾಗಿಲಿನ ವಿಷಯ ಆಮೇಲೆ ನೋಡೋಣ. ಆ ಅಜ್ಜಿಗೆ ಹೆದರಿ ಹಾಕ್ತಿದ್ದೀನಿ" ಎಂದರು.

ಆದುದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಹುದ್ದೆಯನ್ನೂ ಹಾಮ್‌ಗೆ ಒಯ್ದು ಎರಡಾಗಿಸಿ, ಸರಿಯಾದ ಊರಿಗೆ ಹೋಗುವ ಅರ್ಧವನ್ನು ಆ ಅಜ್ಜಿಗೆ ಕೊಡಬೇಕಾಗಿ ಪ್ರಾರ್ಥಿಸುತ್ತೇನೆ.

ಸದಾ ದಾರಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ವೀಬ್ಕೆ ಹಾರ್ಮ್ಸ್

ಮರೆತ ಮಾತು: ಮುಂದಿನ ವಾರ ತಾವೂ ವುಪ್ಪರ್‌ಟಾಲಿಗೆ ಹೊರಟಿದ್ದೀರೆಂದು ಕೇಳಿ ಸಂತೋಷವಾಯಿತು. ದಯವಿಟ್ಟು ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳಬೇಡಿ. ಕೈಪಿಡಿಯಲ್ಲಿ ಎಲ್ಲವೂ ಇದೆ.