ನಾನೇ ಬರೆದುಕೊಟ್ಟ ಬೇಅದಬಿಯ ಪಟ್ಟಿ

ಆ ದಿನ ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ನಮ್ಮವರ ರೂಮಿ ಟೋಪಿಯ ಕುಚ್ಚು ಬಾಚಿಟ್ಟೆ. ಆಗಿನ ನಿಜಾಮರ ಆಳ್ವಿಕೆಯಲ್ಲಿ ಟೋಪಿಯಿಲ್ಲದೆ ಲಿಂಗಸುಗೂರಿನ ಕಚೇರಿ ಮೆಟ್ಟಿಲು ಹತ್ತುವಂತಿರಲಿಲ್ಲ. ಮಗಳು ಗಿರಿಜೆಗೆ ಎರಡು ಜಡೆ ಹೆಣೆದು ಮದರಸಾಕ್ಕೆ, ಅಂದರೆ ಸರಕಾರಿ ಹೆಣ್ಣುಮಕ್ಕಳ ಶಾಲೆಗೆ, ಕಳಿಸಿದೆ. ಹಿಟ್ಟು ನಾದಿ ಮೊದಲ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಗಿರಿಜೆ ವಾಪಸು ಬಾಗಿಲಲ್ಲಿ!

"ಅವ್ವಾ, ದೊಡ್ಡ ಅಕ್ಕೋರು ಮನಿಗೆ ಕಳಿಸ್ಯಾರ. ಬೇಅದಬಿ ಮಾಡೀನಂತ. ಹೆಸರು ತೆಗೀತಾರಂತ."

"ಅಂಥಾ ಉದ್ಧಟತನ ಏನು ಮಾಡಿದಿ?"

"ಬೈಯುವಾಗ ಅವರ ಕಣ್ಣಾಗ ಕಣ್ಣಿಟ್ಟು ನೋಡಿದೆ. ನೀನ ಹೇಳಿದ್ದಿ."

ಹೌದು, ನಾನೇ ಹೇಳಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದೂ ಅದನ್ನೇ. ಕಣ್ಣು ತಗ್ಗಿಸಿದರೆ ಸುಳ್ಳು ಮುಚ್ಚಿಟ್ಟಂತೆ! ಊರಿನಲ್ಲಿ ಹುಡುಗಿಯರಿಗೆ ಇದ್ದದ್ದು ಅದೊಂದೇ ಶಾಲೆ. ನೆಟ್ಟಗೆ ನೋಡಿದ್ದಕ್ಕೆ ನನ್ನ ಮಗಳ ಓದು ನಿಲ್ಲಬೇಕೇ? ಮೈಯೆಲ್ಲ ಉರಿದುಹೋಯಿತು.

"ಸ್ವಲ್ಪ ತಡಿ, ನಾ ಒಂದು ಅರ್ಜಿ ಬರೀತೀನಿ," ಎಂದರು ನಮ್ಮವರು.

"ಅರ್ಜಿ ನಿಮ್ಮ ಕಚೇರಿಗೆ ಇರಲ್ರಿ!"

ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು, ಮಗಳ ಕೈ ಹಿಡಿದು ಹೊರಟೆ. ಮದರಸಾದ ಪರದೆ ಸರಿಸಿ ನೆಟ್ಟಗೆ ಒಳಗೆ ನುಗ್ಗಿದೆ. ಮುಖ್ಯೋಪಾಧ್ಯಾಯಿನಿ ದೊಡ್ಡ ಅಕ್ಕೋರು ಹಾಜರಿ ಕೂಗುತ್ತಿದ್ದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದು ನನ್ನ ಕಣ್ಣಿಗೆ ಬಿತ್ತು. ಆ ಸಿಟ್ಟಿನಲ್ಲೂ ಬಿತ್ತು.

"ಕೂಡ್ರಿ ತಾಯಿ."

ನಾನು ಕೂಡಲಿಲ್ಲ. "ಬೇಅದಬಿ ಅಂದ್ರ ಏನ್ರಿ? ಅದಕ್ಕೇನರ ಪಟ್ಟಿ ಐತೇನು?"

"ಪಟ್ಟಿ ಯಾಕ್ರಿ? ನೋಡಿದ್ರ ಗೊತ್ತಾಗ..."

"ನೋಡಿದ್ರ ಗೊತ್ತಾಗಾಕ ಅದೇನು ಬೆಂದ ಬ್ಯಾಳಿ ಏನ್ರಿ?"

ಅಕ್ಕೋರು ನಿಟ್ಟುಸಿರು ಬಿಟ್ಟರು. "ಹಂಗಾರ ನೀವ ಬರೀರಿ. ಕಾನ್ವೆಂಟಿನಾಗ ಕಲತವರು ಅದೀರಿ."

ಇದಕ್ಕೇ ಕಾಯುತ್ತಿದ್ದೆ! ಮುಂದೆ ಕುಳಿತಿದ್ದ ಹುಡುಗಿಯ ಪಾಟಿ ಕಸಿದುಕೊಂಡು, ಬಳಪ ಮುರಿಯುವಷ್ಟು ಒತ್ತಿ ಬರೆದೆ. ಅಪ್ಪಣೆಯಿಲ್ಲದೆ ಒಳಗೆ ಬರುವುದು. ಕೂಡು ಎಂದರೆ ಕೂಡದಿರುವುದು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದು. ಇನ್ನೊಬ್ಬರ ವಸ್ತು ಕಸಿಯುವುದು. ಬೆರಳು ತೋರಿಸಿ ಜಗಳಾಡುವುದು. ಮೇಜು ಬಡಿಯುವುದು.

"ಇದರಾಗ ಕಣ್ಣಿಟ್ಟು ನೋಡೋದು ಎಲ್ಲೈತ್ರಿ?" ಎಂದು ಬೆರಳು ತೋರಿಸಿ, ಮೇಜು ಬಡಿದೆ. ಮಸಿಕುಡಿಕೆ ಕುಣಿಯಿತು.

ಅಕ್ಕೋರು ಮುರಿದ ಬಳಪ ಎತ್ತಿಕೊಂಡು ಒಂದೊಂದಕ್ಕೂ ನಿಧಾನವಾಗಿ ಗುರುತು ಹಾಕಿದರು. ಆರಕ್ಕೆ ಆರು!

"ಇವನ್ನೆಲ್ಲಾ ಯಾವ ಹುಡುಗಿ ಮಾಡ್ಯಾಳ್ರಿ?" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

ನನ್ನ ಕಣ್ಣು ತಾನಾಗಿ ನೆಲಕ್ಕಿಳಿಯಿತು. ಐದು ವರ್ಷದ ಕಾನ್ವೆಂಟು ಅಷ್ಟಕ್ಕೇ ಮುಗಿಯಿತು! ಕಾಲ ಬಳಿ ಹುಡುಗಿಯರೆಲ್ಲ ನಗು ತಡೆಯಲು ಬಾಯಿಗೆ ಸೆರಗು, ಲಂಗದ ಅಂಚು ಒತ್ತಿಕೊಂಡಿದ್ದರು. ಗಿರಿಜೆಯೂ.

"ನೋಡೋದು ಪಟ್ಟಿಯಾಗಿಲ್ಲ, ಖರೆ ಐತಿ," ಎಂದರು ಅಕ್ಕೋರು. "ಹೆಸರು ತೆಗೆಯಂಗಿಲ್ಲ. ಹುಡುಗಿ ದಿನಾ ಬರಲಿ. ನೀವು ಬರಬ್ಯಾಡ್ರಿ."

ಮನೆಗೆ ಬಂದರೆ ರೊಟ್ಟಿ ಇದ್ದಿಲಾಗಿತ್ತು. ನಮ್ಮವರು ಉಪವಾಸವೇ ಕಚೇರಿಗೆ ಹೋಗಿದ್ದರು.

ಸಂಜೆ ಪಕ್ಕದ ಮನೆಯ ನಾಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಕಟ್ಟೆಯ ಮೇಲೆ ತಲೆ ಬಗ್ಗಿಸಿ ಮಗ್ಗಿ ಬರೆಯುತ್ತಿದ್ದ ಗಿರಿಜೆಯನ್ನು ಕಂಡು, ಬಟ್ಟಲು ಚಾಚುತ್ತಲೇ ಹೇಳಿದರು:

"ಎಷ್ಟು ಶಾಂತ ಅದಾಳ್ರಿ ನಿಮ್ಮ ಹುಡುಗಿ! ಎಲ್ಲಾ ಅಪ್ಪನ ಗುಣ."