ಆದರದ ಪ್ರತಿಭಟನೆ

ಕುಸುಮಾವತಿ ಅತ್ತೆ ನೀರುದೋಸೆಯ ತಟ್ಟೆಯನ್ನು ಢಣ್ಣನೆ ಕುಕ್ಕಿ, ಒಂದು ಮಾತೂ ಆಡದೆ ಒಳಗೆ ಹೋದದ್ದೇ ಎಲ್ಲಕ್ಕೂ ಕಾರಣ. ಅತ್ತೆಯ ಆ ಮುಖ ನೋಡಿ ನಿತೇಶನಿಗೆ ಸಂತೋಷವಾಯಿತು. ಅಂತೂ ತನ್ನ ವಿಡಿಯೊ ನೋಡಿ ಊರಿನಲ್ಲಿ ಒಬ್ಬರಾದರೂ ಉರಿದುಬಿದ್ದಿದ್ದಾರೆ! ಅಷ್ಟರಲ್ಲಿ, ಹಾಸ್ಯದ ಶೋ ನಡೆಸುವ ಮುಂಬೈ ಕಂಪನಿಯೊಂದರ ಯಾಮಿನಿಯ ಫೋನು ಬಂತು.

"ನಿಮ್ಮ ವಿಡಿಯೊ ಎಲ್ಲ ನೋಡಿದೆ," ಎಂದಳು ಯಾಮಿನಿ. "ಆದರೆ ನಮ್ಮ ಕಂಪನಿಗೆ ಬರೀ ನಗಿಸುವವರು ಸಾಲದು, ವಿವಾದ ಎಬ್ಬಿಸುವವರು ಬೇಕು. ನಿಮ್ಮ ಮೇಲೆ ಯಾರಿಗಾದರೂ ಸಿಟ್ಟಿದೆಯಾ?"

ದೋಸೆ ಬಾಯಲ್ಲಿತ್ತು, ತಲೆಯಲ್ಲಿ ಆ ಢಣ್ ಸದ್ದಿತ್ತು. ನಿತೇಶ ಬಡಾಯಿ ಬಿಟ್ಟೇಬಿಟ್ಟ. "ಸಿಟ್ಟಾ? ಏನ್ ಹೇಳ್ತೀರಿ ಮೇಡಂ! ಮನೆಯಲ್ಲೇ ನನಗೆ ಅನ್ನ ನೀರು ಕಷ್ಟವಾಗಿದೆ. ಸಂಜೆ ಕುಂದಾಪುರದಲ್ಲಿ ನನ್ನ ಶೋ. ಇಡೀ ಊರು ಪ್ರತಿಭಟನೆಗೆ ಬೀದಿಗಿಳಿಯುತ್ತೆ."

"ಹೌದಾ! ನಾನು ಅಜ್ಜಿಮನೆಗೆ ಅಂತ ಇಲ್ಲೇ ಹತ್ತಿರದ ಹಟ್ಟಿಯಂಗಡಿಗೇ ಬಂದಿದ್ದೇನೆ. ಸಂಜೆ ಬರ್ತೇನೆ. ಪ್ರತಿಭಟನೆ ಕಣ್ಣಾರೆ ಕಂಡರೆ ಅಲ್ಲೇ ಒಪ್ಪಂದಕ್ಕೆ ಸಹಿ."

ನಿತೇಶ ದೋಸೆ ಅರ್ಧಕ್ಕೇ ಬಿಟ್ಟು ಎದ್ದ.

ಈ ಮಹಾನುಭಾವನ ವೃತ್ತಿಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಮುಂಬೈಯಲ್ಲಿ, ಅತ್ತೆಯ ಗಂಡ ಚಂದಯ್ಯ ಮಾವನ ಪಾಲುದಾರರ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ. ಬಂದ ಗಿರಾಕಿಗಳನ್ನೆಲ್ಲ ಗೇಲಿ ಮಾಡಿ ಓಡಿಸಿದ ಮೇಲೆ, ಇದು ದೇವರು ಕೊಟ್ಟ ಕಲೆ ಎಂದು ತಿಳಿದು ಬೆಂಗಳೂರಿಗೆ ಹೋಗಿ ಸ್ಟ್ಯಾಂಡಪ್ ಕಾಮಿಡಿಗೆ ನಿಂತ. ಮೂರನೆಯದೋ ನಾಲ್ಕನೆಯದೋ ಶೋನಲ್ಲಿ ಯಾರೋ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಸಿಟ್ಟಿಗೆದ್ದು ನೀರಿನ ಬಾಟಲಿ ಎಸೆದರು. ಅದರ ವಿಡಿಯೊ ಲಕ್ಷಗಟ್ಟಲೆ ಜನ ನೋಡಿದರು. ಬೆಳಗಾಗುವಷ್ಟರಲ್ಲಿ ನಿತೇಶ 'ಪ್ರಚೋದಕ ಹಾಸ್ಯಗಾರ' ಆಗಿದ್ದ. ಅಂದಿನಿಂದ ಎರಡನೇ ಬಾಟಲಿಗಾಗಿ ಅವನು ಪಡದ ಪಾಡಿಲ್ಲ. ಯಾರನ್ನು ಬೈದರೂ ಜನ ಸುಮ್ಮನೆ ತಲೆ ಆಡಿಸುತ್ತಾರೆಯೇ ಹೊರತು ಬಾಟಲಿ ಎತ್ತುವವರಿಲ್ಲ. ಕಡೆಗೆ ಊರಿನವರನ್ನೇ ಹೆಸರು ಹಿಡಿದು ಲೇವಡಿ ಮಾಡಿ ವಿಡಿಯೊ ಹಾಕಿದ್ದ. ಈ ಮುಂಬೈ ಒಪ್ಪಂದವೂ ತಪ್ಪಿತೋ, ಮತ್ತೆ ಅದೇ ಹೋಟೆಲಿನ ಗಲ್ಲಾವೇ ಗತಿ.

ಸಂಜೆಯೊಳಗೆ ಸಿಟ್ಟಿನ ಜನ ಬೇಕು. ಅತ್ತೆಯೊಬ್ಬರನ್ನು ನಂಬಿ ಪ್ರತಿಭಟನೆ ಆಗುತ್ತದೆಯೇ? ಮಾವನ ಸ್ಕೂಟರ್ ತೆಗೆದು ಹೆದ್ದಾರಿ ಹಿಡಿದವನೇ ಸೀದಾ ಸಾಲಿಗ್ರಾಮದ ಅಡುಗೆಯ ಗಣಪಯ್ಯನ ಮನೆ ಮುಂದೆ ನಿಲ್ಲಿಸಿದ. ಗಣಪಯ್ಯ ತನ್ನ ಸಾರನ್ನು ತಾನೇ ಹೊಗಳುತ್ತ ಬಡಿಸುತ್ತಾನೆ, ಹೊಗಳಿಕೆ ಬಿಸಿ ಇರುತ್ತದೆ, ಸಾರು ಆರಿರುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದ. ಒಬ್ಬ ಅಡುಗೆಯವನಿಗೆ ಇದಕ್ಕಿಂತ ಅವಮಾನ ಬೇಕೇ?

"ಹ್ವಾಯ್, ಯಾರ್ ಬಂದ್ರ್ ಕಾಣ್ ಗೋಮತಿ!" ಹೆಂಡತಿಯನ್ನು ಕೂಗುತ್ತ ಗಣಪಯ್ಯ ಅಂಗಳಕ್ಕೇ ಓಡಿ ಬಂದ. "ನಮ್ಮನ್ ಬೈದ್ ಮಾಣಿ ಬಂದಿದ! ಬೆಲ್ಲ ನೀರ್ ತಾ, ಬೇಗ!"

ನಿತೇಶ ತಬ್ಬಿಬ್ಬಾದ. "ನಿಮ್ಗೆ ನನ್ ಮೇಲೆ ಸಿಟ್ಟ್ ಬರ್ಲಿಲ್ಯಾ?"

"ಸಿಟ್ಟ್ ಎಂತಕ್ಕೆ ಮಾರಾಯ? ಆಟದಲ್ಲಿ ಹಾಸ್ಯಗಾರ ಊರಿನವ್ರ್ ಹೆಸ್ರ್ ತೆಗ್ದ್ ಕುಶಾಲ್ ಮಾಡ್ರೆ, ಮಾರನೇ ದಿನ ಅವ್ರ್ ಎದಿ ಉಬ್ಸಿ ಪೇಟೆಗ್ ಹೋಪ್ದಲ್ದಾ? ನಮ್ ಅಪ್ಪಯ್ಯನ್ ಹೆಸ್ರ್ ಒಂದೇ ಒಂದ್ ಸಲ ಬಂದದ್ದ್. ಸಾಯು ತನ್ಕ ಹೇಳ್ಕಂಡ್ ತಿರ್ಗ್ರ್."

ನಿತೇಶ ಬೆಂಗಳೂರಿನಲ್ಲಿದ್ದು ಇದನ್ನು ಮರೆತೇಬಿಟ್ಟಿದ್ದ ನೋಡಿ. ಈ ಕಡೆ ಯಕ್ಷಗಾನದ ಹಾಸ್ಯಗಾರನ ಬಾಯಿಗೆ ಬೀಳುವುದೆಂದರೆ ಸನ್ಮಾನಕ್ಕಿಂತ ಒಂದು ತೂಕ ಹೆಚ್ಚು. ಸನ್ಮಾನದ ಶಾಲು ಯಾರ ಹೆಗಲಿಗಾದರೂ ಬೀಳುತ್ತದೆ, ಹಾಸ್ಯಗಾರನ ಬೈಗುಳ ಹಾಗೆ ಬೀಳುವುದಿಲ್ಲ. ಆದರೂ ಆಸೆ ಬಿಡದೆ ಅವನು ಗಣಪಯ್ಯನ ಮುಖಕ್ಕೇ ಹೇಳಿದ: "ನಿಮ್ ಸಾಂಬಾರ್ ಉಂಡವ್ರ್ ಸೀದಾ ಆಸ್ಪತ್ರೆಗೆ ಹೋತ್ರ್!"

ಗಣಪಯ್ಯ ತೊಡೆ ತಟ್ಟಿ ನಕ್ಕ. "ಲಾಯ್ಕಿತ್ತ್! ಆದ್ರೆ ಅಲ್ಲಿಗೇ ನಿಲ್ಸ್ಬೇಡ. 'ಆಸ್ಪತ್ರೆಯವ್ರೂ ಹೆದ್ರಿ ಬಾಗ್ಲ್ ಹಾಕ್ರ್' ಅನ್ನ್. ಮತ್ತೆ, ನನ್ ತಮ್ಮ ಮಂಜಯ್ಯನ್ನೂ ಒಂಚೂರ್ ಬೈಯ್ ಮಗಾ. ಅಣ್ಣಂಗೆ ಮಾತ್ರ ಬೈದ ಅಂದ್ಹೇಳಿ ಅವ ಊಟ ಬಿಟ್ಟಿದ."

ಎರಡು ಲೋಟ ಬೆಲ್ಲ ನೀರು ಕುಡಿದು ನಿತೇಶ ಸ್ಕೂಟರ್ ತಿರುಗಿಸಿದ. ತಲೆ ಗಿರ್ರೆನ್ನುತ್ತಿತ್ತು. ಇನ್ನು ಉಳಿದದ್ದು ಚಂದಯ್ಯ ಮಾವ. ಮದುವೆ ಮನೆಗೆ ಹೋದರೆ ಮದುಮಗಳ ಮುಖ ನೋಡುವ ಮೊದಲು ಕೋಳಿ ಸಾರಿನ ಮುಚ್ಚಳ ತೆಗೆದು ನೋಡುವವರು ನಮ್ಮ ಮಾವ ಎಂದು ವಿಡಿಯೊದಲ್ಲಿ ಮಾವನ ಮಾನ ಕಳೆದಿದ್ದ.

ಕುಂದಾಪುರದ ಮಾವನ ಹೋಟೆಲಿಗೆ ಬಂದರೆ ಗಲ್ಲಾದ ಮೇಲೆ ಮಾವನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, 'ವಿಡಿಯೊದಲ್ಲಿ ಬಂದ ಚಂದಯ್ಯ ಇವರೇ'. ಗಿರಾಕಿಗಳು ಅದರ ಪಕ್ಕದಲ್ಲಿ ಮಾವನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾವನ ಕೈಯಲ್ಲಿ ಒಂದು ಪಾತ್ರೆಯ ಮುಚ್ಚಳ ಬೇರೆ.

"ಮಗಾ, ನಿನ್ನಿಂದ ನಮ್ ಮರ್ಯಾದಿ ಹೆಚ್ಚಾಯ್ತ್," ಎಂದ ಚಂದಯ್ಯ. "ಆದ್ರೆ ಅತ್ತೆನ್ನ್ ಬಿಟ್ಟದ್ದ್ ಸಮ ಆಯ್ಲಿಲ್ಲ. ಗಂಡನ್ ಹೆಸ್ರ್ ಬಂತ್, ನನ್ ಹೆಸ್ರ್ ಬರ್ಲಿಲ್ಲ ಅಂದ್ಹೇಳಿ ತಿಂಗ್ಳಿಂದ ಪಾತ್ರಿ ಕುಕ್ತಾ ಇತ್ತ್."

ಅತ್ತೆಯ ಸಿಟ್ಟೂ ಇಂಥದ್ದೇ! ನಿತೇಶ ಅಲ್ಲೇ ಕುರ್ಚಿಯಲ್ಲಿ ಕುಸಿದ. ಅಳುವುದೊಂದು ಬಾಕಿ. ಯಾಮಿನಿ, ಒಪ್ಪಂದ, ಬಡಾಯಿ ಎಲ್ಲವನ್ನೂ ಮಾವನ ಮುಂದೆ ಕಕ್ಕಿದ. "ಮಾವ, ನಂಗೊಂದ್ ಪ್ರತಿಭಟನೆ ಬೇಕ್. ಇವತ್ತೇ ಬೇಕ್. ಇಲ್ದಿದ್ರೆ ನನ್ ಕತಿ ಮುಗೀತ್."

"ಅಷ್ಟೇಯಾ? ಮೊದ್ಲೇ ಹೇಳುಕೆ ಎಂತ ನಿಂಗೆ?" ಚಂದಯ್ಯ ಮುಚ್ಚಳ ಕೆಳಗಿಟ್ಟು ಫೋನು ಕೈಗೆತ್ತಿಕೊಂಡ. "ನಮ್ಮ ಮಾಣಿಗೆ ನಾವಲ್ದೇ ಮತ್ತ್ ಯಾರ್ ಪ್ರತಿಭಟನೆ ಮಾಡ್ಕ್? ನೀ ಹೋಯಿ ಒಂದ್ ನಿದ್ದಿ ಮಾಡ್. ನಾ ಕಂಡ್ಕಂತೆ."

ಚಂದಯ್ಯ 'ಕಂಡ್ಕಂತೆ' ಎಂದರೆ ನೋಡಿಕೊಂಡ ಎಂದೇ ಲೆಕ್ಕ. ವಾರ್ಷಿಕೋತ್ಸವ, ಬೀಳ್ಕೊಡುಗೆ, ಕ್ರಿಕೆಟ್ ಪಂದ್ಯ, ಏನೇ ಇರಲಿ, ಅವನ ಕೈ ಸೇರಿದರೆ ಅದಕ್ಕೊಂದು ಕ್ರಮ ಬರುತ್ತಿತ್ತು. ಸಂಜೆ ನಿತೇಶ ತನ್ನ ಶೋ ಇದ್ದ ಸಭಾಭವನದ ಹತ್ತಿರ ಬಂದು ನೋಡುತ್ತಾನೆ, ಅಂಗಳದಲ್ಲಿ ಶಾಮಿಯಾನ, ಸಾಲು ಕುರ್ಚಿ, ಬಣ್ಣದ ದೀಪ. ಮೇಲೆ ಅವನದೇ ನಗುಮುಖದ ದೊಡ್ಡ ಫ್ಲೆಕ್ಸು: 'ನಿತೇಶ್ ವಿರುದ್ಧ ಬೃಹತ್ ಪ್ರತಿಭಟನೆ. ಸರ್ವರಿಗೂ ಆದರದ ಸ್ವಾಗತ.' ಬಾಗಿಲಲ್ಲಿ ಹೆಣ್ಣುಮಕ್ಕಳು ಪನ್ನೀರು ಚಿಮುಕಿಸುತ್ತಿದ್ದರು. ಮೂಲೆಯಲ್ಲಿ ಬನ್ಸ್ ಕರಿಯುವ ಪರಿಮಳ.

"ಮಾವ, ಇದೆಂತ? ಪ್ರತಿಭಟನೆ ಅಂದ್ರೆ ಕೂಗ್ಕ್, ಬೈಯ್ಕ್!"

"ಅದೂ ಇತ್ತ್, ಕಡೆಗೆ. ಸ್ವಾಗತ ಭಾಷಣ ಇಲ್ದೇ ಬೈದ್ರೆ ಜನ ಎಂತ ಹೇಳುದಿಲ್ಲ?"

ಮೈಕು ಹಿಡಿದವನು ಸಭಾಭವನ ನೋಡಿಕೊಳ್ಳುವ ರತೀಶ್. ಅಧ್ಯಕ್ಷತೆ ಗಣಪಯ್ಯನದು. ಪ್ರಾರ್ಥನೆಯಾಯಿತು. ದೀಪ ಬೆಳಗಿಸಲು ಮುಖ್ಯ ಅತಿಥಿಯೇ ಇಲ್ಲ ಎಂದು ಗೊತ್ತಾದದ್ದು ಆಗ. "ಊರಿಗೆ ಹೆಸ್ರ್ ತಂದವ್ರ್ ಇಲ್ಲೇ ಇದ್ರಲೆ," ಎಂದು ರತೀಶ್ ನಿತೇಶನನ್ನೇ ಕೈಹಿಡಿದು ಎಳೆದ. ಹೀಗೆ ನಿತೇಶ ತನ್ನ ವಿರುದ್ಧದ ಪ್ರತಿಭಟನೆಯನ್ನು ತಾನೇ ದೀಪ ಬೆಳಗಿಸಿ ಉದ್ಘಾಟಿಸಿದ. ಚಪ್ಪಾಳೆಯೋ ಚಪ್ಪಾಳೆ. ತಾನು ಕನಸಿನಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ಅವನಿಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಮುಂದಿನ ಸಾಲಿನಲ್ಲಿ ಯಾಮಿನಿ, ಕೈಯಲ್ಲಿ ಬನ್ಸ್ ಹಿಡಿದು ಕಣ್ಣು ಕಿರಿದು ಮಾಡಿ ಕೂತಿದ್ದಾಳೆ.

"ಇದು ಪ್ರತಿಭಟನೆನಾ?" ಎಂದು ಕೇಳಿದಳು ಅವಳು.

"ಶುರುವಿನಲ್ಲಿ ಹೀಗೇ ಮೇಡಂ. ಆಮೇಲೆ ಭಯಂಕರವಾಗುತ್ತೆ," ಎಂದ ನಿತೇಶ, ಬೆವರು ಒರೆಸಿಕೊಳ್ಳುತ್ತ.

ಭಯಂಕರವೇನೂ ಆಗಲಿಲ್ಲ. ಗಣಪಯ್ಯ ಅಧ್ಯಕ್ಷ ಭಾಷಣದಲ್ಲಿ ತನ್ನ ಸಾರನ್ನು ಹೊಗಳಿಕೊಂಡ. ಚಂದಯ್ಯ "ನಿತೇಶ್‌ಗೆ ಧಿಕ್ಕಾರ" ಎಂದು ಕಷ್ಟಪಟ್ಟು ಹೇಳಿ, "ಆರೋಗ್ಯ ಚೆನ್ನಾಗಿರಲಿ" ಎಂದು ಸೇರಿಸಿದ. ಯಾಮಿನಿ ಎದ್ದು ಚೀಲ ಹೆಗಲಿಗೇರಿಸಿದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಗಂಟಲು ಗುಡುಗಿತು. ಕುಸುಮಾವತಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದವರೇ ರತೀಶನ ಕೈಯಿಂದ ಮೈಕು ಕಸಿದರು.

"ಹ್ವಾಯ್, ಎಲ್ಲಾರೂ ಕೇಣಿ! ಈ ಮಾಣಿ ಇಡೀ ಊರನ್ನ್ ಬೈದ, ನನ್ನ್ ಮಾತ್ರ ಬಿಟ್ಟ. ಎಂತಕ್ಕೆ ಗೊತ್ತಿತ್ತಾ? ನಾನ್ ಬಾಯಿ ಬಿಟ್ರೆ ಇವ್ನ್ ಬಂಡವಾಳ ಹೊರಗ್ ಬತ್ತ್!"

ಸಭೆ ನೆಟ್ಟಗೆ ಕೂತಿತು. ಯಾಮಿನಿಯೂ ಕೂತಳು.

"ಸಮಾಜಕ್ಕೆ ಬೆಂಕಿ ಹಚ್ಚ್ತ ಅಂಬ್ರ್ ಇವ! ಒಲೆಗೊಂದ್ ಬೆಂಕಿ ಹಚ್ಚ್ ಅಂದ್ರೆ ಇಡೀ ಬೆಂಕಿಪೆಟ್ಟಿ ಖಾಲಿ ಮಾಡಿ, ಕಡೆಗೆ ಹುಬ್ಬ್ ಸುಟ್ಕಂಡ್ ಬಂದವ! ಯಾರಿಗೂ ಹೆದ್ರುದಿಲ್ಲ ಅಂಬ್ರ್! ನಿನ್ನೆ ಬಚ್ಚಲಲ್ಲಿ ಒಂದ್ ಕಪ್ಪೆ ಕೂಕಂಡಿತ್ತ್ ಅಂದ್ಹೇಳಿ ಮೀಯದೇ ಮಲ್ಕಂಡಿದ!"

ನಗು ಸಿಡಿಯಿತು. ಅತ್ತೆ ನಿಲ್ಲಲಿಲ್ಲ. ತಿಂಗಳಿಂದ ತಟ್ಟೆ ಕುಕ್ಕಿದ್ದೆಲ್ಲ ಈಗ ಮಾತಾಗಿ ಬರುತ್ತಿತ್ತು.

"ದೊಡ್ಡ ದೊಡ್ಡವ್ರನ್ನ್ ಪ್ರಶ್ನೆ ಕೇಣ್ತ ಅಂಬ್ರ್! ಮುಂಬೈ ಹೋಟೆಲಲ್ಲಿ ಗಿರಾಕಿ 'ಇಡ್ಲಿ ಇತ್ತಾ' ಅಂದ್ರೆ, 'ನಿಂಗೆ ಇಡ್ಲಿ ಎಂತಕ್ಕೆ ಬೇಕ್' ಅಂದ್ಹೇಳಿ ಪ್ರಶ್ನೆ ಕೇಂಡವ! ಇವತ್ತಿಗೂ ಬಂಗ್ಡಿ ಮೀನಿನ್ ಮುಳ್ಳ್ ನಾನೇ ತೆಗ್ದ್ ಕೊಡ್ಕ್. ನಾನ್ ಮುಳ್ಳ್ ತೆಗೂದ್, ಅವ ಬದಿಯಲ್ಲಿ ಕೂಕಂಡ್ ಹೆಂಗಸ್ರ್ ಸ್ವಾತಂತ್ರ್ಯದ್ ಭಾಷಣ ಮಾಡೂದ್!"

ಜನ ಕುರ್ಚಿಯಿಂದ ಜಾರಿದರು. ನಿತೇಶನ ಶೋಗೆಂದು ಒಳಗೆ ಕೂತಿದ್ದವರೂ ಹೊರಗೆ ಓಡಿ ಬಂದರು. ಗಣಪಯ್ಯನ ಬಾಯಿಂದ ಬನ್ಸ್ ಹೊರಗೆ ಹಾರಿತು. ಯಾಮಿನಿ ಕಣ್ಣೀರು ಒರೆಸಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿತೇಶ ಮಾತ್ರ ಕಪ್ಪೆಯ ಮಾತು ಬಂದಲ್ಲಿಂದ ಕೆಂಪಾದವನು ಕೆಂಪಾಗುತ್ತಲೇ ಹೋದ. ಆದರೂ ಹಲ್ಲು ಕಚ್ಚಿ ಸುಮ್ಮನಿದ್ದ. ಬೈಯ್ಯಲಿ, ಬೈದಷ್ಟೂ ಒಳ್ಳೆಯದೇ, ಒಪ್ಪಂದ ಹತ್ತಿರವಾಗುತ್ತಿದೆ.

ಭಾಷಣ ಮುಗಿಯುತ್ತಲೇ ಯಾಮಿನಿ ಓಡಿದಳು. ನಿತೇಶ ಕೈ ಕುಲುಕಲು ಮುಂದೆ ಬಂದ. ಅವಳು ಅವನನ್ನು ದಾಟಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಅಮ್ಮ, ನಿಮಗೆ ಇವರೊಬ್ಬರನ್ನೇ ಅಲ್ಲ, ಬೇರೆಯವರನ್ನೂ ಹೀಗೆ ಬೈಯಲು ಬರುತ್ತಾ?"

"ಬೈಯ್ಯುಕೆ ಜನಕ್ಕೆಂತ ಬರ್ಗಾಲ? ಮನಿಯಲ್ಲೇ ಗಂಡ ಇದ್ರಲೆ."

"ನಮ್ಮ ಕಂಪನಿಗೆ ನೀವೇ ಬೇಕು," ಎಂದಳು ಯಾಮಿನಿ. ಮರುಗಳಿಗೆ ಅವಳ ಮುಖ ಸಣ್ಣದಾಯಿತು. "ಆದರೆ ಒಂದೇ ತೊಡಕು. ನಮ್ಮವರಿಗೆ ವಿವಾದ ಬೇಕು. ನಿಮ್ಮ ಮಾತಿಗೆ ಎಲ್ಲರೂ ನಗ್ತಾರೆ, ಯಾರಿಗೂ ಬೇಜಾರೇ ಆಗಲ್ಲ. ನಾನು ಹೇಗೆ ಒಪ್ಪಿಸಲಿ?"

ಇದನ್ನು ಕೇಳಿ ನಿತೇಶನ ಒಳಗೆ ಏನೋ ಪಟ್ಟನೆ ಹರಿಯಿತು. ಬೆಳಗಿನಿಂದ ಬಿಸಿಲಲ್ಲಿ ಸುತ್ತಿದ್ದು ಅವನು, ದೀಪ ಹಚ್ಚಿದ್ದು ಅವನು, ಮಾನ ಹೋದದ್ದೂ ಅವನದು, ಒಪ್ಪಂದ ಮಾತ್ರ ಅತ್ತೆಗೆ! ವೇದಿಕೆಗೆ ಹಾರಿ ಮೈಕು ಕಿತ್ತುಕೊಂಡ. "ನಿಲ್ಸಿ! ಇದು ಹಾಸ್ಯ ಅಲ್ಲ, ಮಾನಹಾನಿ! ನನ್ನ ಭಾವನೆಗಳಿಗೆ ಧಕ್ಕೆಯಾಗಿದೆ! ಈ ಹೆಂಗಸು ಕ್ಷಮೆ ಕೇಳಬೇಕು! ಕೇಳುವ ತನಕ ಇವರನ್ನು ಯಾವ ವೇದಿಕೆಗೂ ಹತ್ತಲು ಬಿಡುವುದಿಲ್ಲ! ಧಿಕ್ಕಾರ! ಧಿಕ್ಕಾರ!" ಕೂಗುತ್ತ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ಅತ್ತೆಯತ್ತ ಬೀಸಿ ಒಗೆದ. ಅದು ಗುರಿ ತಪ್ಪಿ ಅವನದೇ ಫ್ಲೆಕ್ಸಿಗೆ ಬಡಿಯಿತು.

ಸಭೆಯೆಲ್ಲ ತಿರುಗಿ ಫ್ಲೆಕ್ಸು ನೋಡಿತು. ಯಾಮಿನಿ ಮಾತ್ರ ಫೋನು ಎತ್ತಿ ಹಿಡಿದು ನಿಂತಿದ್ದಳು.

"ಅಬ್ಬ, ಸಿಕ್ಕಿತು!" ಎಂದಳು ಅವಳು, ಸಂತೋಷದಿಂದ. "ಪ್ರತಿಭಟನೆ, ಧಿಕ್ಕಾರ, ಬಾಟಲಿ, ಎಲ್ಲ ಇದೆ. ಅಮ್ಮ, ನಿಮ್ಮದು ಆಯ್ತು ಅಂತಲೇ ಲೆಕ್ಕ." ಆಮೇಲೆ ನಿತೇಶನ ಕಡೆ ತಿರುಗಿದಳು. "ಸ್ವಲ್ಪ ಬೆಳಕಿಗೆ ಬಂದು ಇನ್ನೊಂದು ಸಲ ಕೂಗ್ತೀರಾ? ಮುಖ ಸರಿ ಬರಲಿಲ್ಲ."

ನಿತೇಶ ಕಣ್ಣು ಪಿಳಿಪಿಳಿ ಬಿಟ್ಟ. ಅತ್ತೆ ಹತ್ತಿರ ಬಂದು ತಲೆ ಸವರಿದರು. "ಕೂಗ್ ಮಗಾ. ಇಷ್ಟ್ ವರ್ಷ ನಿಂಗೆ ಮುಳ್ಳ್ ತೆಗ್ದ್ ಕೊಟ್ಟಿದೆ. ನಂಗಾಯಿ ಒಂದ್ ಸಲ ಕೂಗ್."

ನಿತೇಶ ಬೆಳಕಿಗೆ ಬಂದು, ಒಡೆದ ದನಿಯಲ್ಲಿ "ಧಿಕ್ಕಾರ" ಎಂದ.

ಇಡೀ ಕುಂದಾಪುರ ಬಿದ್ದು ಬಿದ್ದು ನಕ್ಕಿತು. ಅವತ್ತು ನಿತೇಶನ ಮಾತಿಗೆ ಸಭೆ ನಕ್ಕದ್ದು ಅದೊಂದೇ ಸಲ.