ನನ್ನವಳ ಚಪ್ಪಲಿಯ ದೆವ್ವ

“ಹೆದರಿಸೋದು ನನಗೆ ಬಿಡಿ. ಒಂದು ವಾರದಲ್ಲಿ ನಿಮಗೆ ಅಪ್ಪಟ ದೆವ್ವ ತಯಾರಿಸಿಕೊಡ್ತೀನಿ!” ಎಂದು ನಿರ್ದೇಶಕರ ಮುಂದೆ ಎದೆ ತಟ್ಟಿಕೊಂಡು ಬಂದೆ.

ಸಿನಿಮಾಗಳಿಗೆ ಸದ್ದು ಮಾಡಿಕೊಡುವುದು ನನ್ನ ಕಸುಬು. ತೆರೆಯ ಮೇಲೆ ನಾಯಕ ಓಡಿದರೆ ಏದುಸಿರು ಬಿಡುವವನು ನಾನು! ಈ ಸಲದ್ದು ಭೂತದ ಮನೆಯ ಚಿತ್ರ. ಒಬ್ಬಂಟಿ ನಾಯಕಿಗೆ ಯಾರೋ ಓಡಾಡುವ ಸದ್ದು ಕೇಳಿಸುತ್ತದೆ. ಅದು ದೆವ್ವವೋ ಅವಳ ಮನಸ್ಸಿನ ಭ್ರಮೆಯೋ ಕೊನೆಯವರೆಗೂ ತಿಳಿಯುವುದಿಲ್ಲ. ದೆವ್ವ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ನಾನೇ ದೆವ್ವ!

ನಮ್ಮ ಮನೆಯೂ ಖಾಲಿಯೇ. ನರ್ಸ್ ಆಗಿರುವ ನನ್ನವಳಿಗೆ ದೂರದೂರಿಗೆ ವರ್ಗವಾಗಿ ಎಂಟು ತಿಂಗಳು. ತಿಂಗಳಿಗೊಮ್ಮೆ ಬರುತ್ತಿದ್ದಳು. ಈ ಸಲ ರಜೆ ಸಿಗಲಿಲ್ಲ.

“ಬೇಜಾರಾಯ್ತೇನ್ರೀ?” ಎಂದು ಫೋನಿನಲ್ಲಿ ಕೇಳಿದಳು.

“ಬೇಜಾರಾ? ನನಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ ಕಣೇ! ಆರಾಮಾಗಿದೀನಿ,” ಎಂದೆ ಗತ್ತಿನಿಂದ.

“ಓಹೋ,” ಎಂದು ಫೋನಿಟ್ಟಳು.

ದೆವ್ವಕ್ಕೆ ಹೆಣ್ಣಿನ ಹೆಜ್ಜೆ ಬೇಕಿತ್ತು. ಅವಳು ಬಿಟ್ಟುಹೋಗಿದ್ದ ಹಳೇ ಚಪ್ಪಲಿಯೊಳಗೆ ನನ್ನ ಭೀಮಪಾದಗಳನ್ನು ತುರುಕಿದೆ. ಹಿಮ್ಮಡಿ ಹೊರಗೇ ಉಳಿಯಿತು. ಆದರೆ ನಡಿಗೆ ಮಾತ್ರ ತದ್ರೂಪ! ಎಡಗಾಲು ಸ್ವಲ್ಪ ಎಳೆಯುವುದು, ಅಡುಗೆಮನೆಯ ಬಾಗಿಲಲ್ಲಿ ಗಕ್ಕನೆ ನಿಲ್ಲುವುದು, ಮತ್ತೆ ತಿರುಗಿ ಬರುವುದು. ಆ ಸದ್ದನ್ನು ಧ್ವನಿಮುದ್ರಿಸಿಕೊಂಡು ಸ್ಪೀಕರಿನಲ್ಲಿ ಹಾಕಿ, ಪರೀಕ್ಷೆಗೆಂದು ಸೋಫಾದ ಮೇಲೆ ಕಣ್ಣುಮುಚ್ಚಿ ಮಲಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಸಲವಲ್ಲ, ಮೂರು ದಿನ ಮಧ್ಯಾಹ್ನವೆಲ್ಲ ಅದನ್ನೇ ಕೇಳಿದೆ. ಮೂರನೆಯ ದಿನ ಬಾಯಿ ತಪ್ಪಿ, “ಟೀ ಇಟ್ಯೇನೇ?” ಎಂದುಬಿಟ್ಟೆ!

ಆಚೆ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕನ ಕಿವಿ ಅವರ ಸೂಜಿಗಿಂತ ಚೂಪು. ಗೋಡೆಯಾಚೆ ಹೆಣ್ಣಿನ ಹೆಜ್ಜೆ, ಅದರ ಮೇಲೆ ಗಂಡಸಿನ ಟೀ ವಿಚಾರಣೆ! ತಕ್ಷಣ ನನ್ನವಳಿಗೆ ಫೋನ್ ಹೋಯಿತು.

ಮರುದಿನ ಬೆಳಿಗ್ಗೆ ಚಪ್ಪಲಿ ತೊಟ್ಟು, ಹೆಡ್‌ಫೋನ್ ಹಾಕಿ, ಮೈಕ್ ಮುಂದೆ ಮತ್ತೊಮ್ಮೆ ಧ್ವನಿಮುದ್ರಿಸಿಕೊಳ್ಳುತ್ತ ನಡೆಯುತ್ತಿದ್ದೆ. ದಬದಬ ಸದ್ದು! ಜೊತೆಗೆ ನನ್ನವಳ ದನಿ. “ಬಾಗಿಲು ತೆಗೀರಿ! ಒಳಗೆ ಯಾರಿದಾಳೆ ಅಂತ ಗೊತ್ತು ನನಗೆ!”

ಅವಳು ಇಲ್ಲಿಗೆ ಹೇಗೆ ಬಂದಾಳು? ಭ್ರಮೆ! ನಾಯಕಿಯ ಕಾಯಿಲೆ ನನಗೇ ಅಂಟಿತು ಎಂದುಕೊಂಡು ನಡಿಗೆ ಮುಂದುವರಿಸಿದೆ. ಹೊರಗೆ ನಿಂತವಳಿಗೆ ಆ ಹೆಜ್ಜೆಗಳು ಕೇಳಿಸದೆ ಇರುತ್ತವೆಯೇ? ಬಾಗಿಲು ಕಿತ್ತು ಬರುವಂತೆ ಬಡಿದಳು. ಕೊನೆಗೆ ಚಿಲಕ ಅಲುಗಿದ್ದನ್ನು ಕಣ್ಣಾರೆ ಕಂಡು ತೆಗೆದೆ.

“ಎಲ್ಲಿ ಅವಳು?”

“ಯಾರು?”

“ಟೀ ಇಡೋಳು!”

“ಅದು... ನೀನೇ ಕಣೇ!”

ಅವಳ ನೋಟ ನನ್ನ ಕಾಲಿಗಿಳಿಯಿತು. ವಿವರಣೆ ಸಾಲದೆ ನಡೆದೇ ತೋರಿಸಬೇಕಾಯಿತು.

“ಅಡುಗೆಮನೆ ಬಾಗಿಲಲ್ಲಿ ಯಾಕೆ ನಿಂತ್ರಿ?”

“ನೀನು ಅಲ್ಲಿ ನಿಲ್ತೀಯಲ್ಲ. ಯಾಕೆ ಬಂದೆ ಅನ್ನೋದೇ ಮರೆತುಹೋಗಿ.”

ಅವಳು ನಗಲು ಹೋದಳು. ಕಣ್ಣು ತುಂಬಿಕೊಂಡಿತು.

“ಫೋನಲ್ಲಿ ಆರಾಮ್ ಅಂದ್ರಿ?”

“ಸುಳ್ಳು ಹೇಳಿದೆ. ನೀನಿಲ್ಲದೆ ಆಗ್ತಾ ಇಲ್ಲ.”

ಟೀ ನಾನೇ ಇಟ್ಟೆ. ಹೇಗೋ ಕಾಡಿ ಬೇಡಿ ಗಿಟ್ಟಿಸಿಕೊಂಡಿದ್ದು ಒಂದೇ ದಿನದ ರಜೆ. ಸಂಜೆಯ ಬಸ್ಸಿಗೆ ಹೊರಟುಹೋದಳು.

ನಿರ್ದೇಶಕರು ನನ್ನ ದೆವ್ವವನ್ನು ಆಲಿಸಿ ತಲೆಯಾಡಿಸಿದರು. “ಹೆದರಿಕೇನೇ ಆಗ್ತಿಲ್ಲವಲ್ಲ ಮಾರಾಯ್ರೇ! ಇದನ್ನ ಕೇಳಿದ್ರೆ ಬೇಗ ಮನೆಗೆ ಹೋಗೋಣ ಅನ್ಸುತ್ತೆ.” ನನ್ನ ಜಂಬವೆಲ್ಲ ಟುಸ್ ಎಂದಿತು. ಆ ಬೆಳಗಿನ ಧ್ವನಿಮುದ್ರಣ ಮುಂದಕ್ಕೆ ಓಡುತ್ತಿತ್ತು. ದಬದಬ! “ಬಾಗಿಲು ತೆಗೀರಿ!” ನಿರ್ದೇಶಕರು ಕುರ್ಚಿಯಿಂದ ಒಂದಡಿ ಮೇಲೆ ಹಾರಿದರು. “ಇದು! ಇದೇ ಬೇಕಾಗಿದ್ದು! ಯಾರ ದನಿ ಇದು?”

ಚಿತ್ರ ಬಿಡುಗಡೆಯಾದ ದಿನ ಮೊದಲ ಆಟಕ್ಕೆ ಒಬ್ಬನೇ ಹೋಗಿದ್ದೆ. ಅವಳಿಗೆ ಮತ್ತೆ ರಜೆ ಸಿಕ್ಕಿರಲಿಲ್ಲ. ಆ ದೃಶ್ಯ ಬಂತು. ದಬದಬ! “ಬಾಗಿಲು ತೆಗೀರಿ!” ಇಡೀ ಚಿತ್ರಮಂದಿರ ಕಿಟಾರನೆ ಕಿರುಚಿತು. ಕೆಲವರು ಮುಖ ಮುಚ್ಚಿಕೊಂಡರು.

“ರೀ, ಕೂತ್ಕೊಳ್ರೀ!” ಎಂದು ಹಿಂದಿನವರು ನನ್ನ ಅಂಗಿ ಜಗ್ಗಿದರು. “ಅಷ್ಟು ಹೆದರಿಕೊಂಡು ಎಲ್ಲಿಗೆ ಓಡ್ತಿದೀರಿ?”

ಓಡುತ್ತಿರಲಿಲ್ಲ. ಬಾಗಿಲು ತೆಗೆಯಲು ಎದ್ದಿದ್ದೆ.